ಹಳೆಯ ಕೋಡನ್ನು ಕೆಡಿಸದೆ ತಿದ್ದುವುದು ಹೇಗೆ: ರಿಫ್ಯಾಕ್ಟರಿಂಗ್ ಸಾಧನಗಳಿಗೊಂದು ಮಾರ್ಗದರ್ಶಿ

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವವರು, ಓದು ಮುಗಿಸಿ ಇಲ್ಲಿನ ಮಂಡಿಗಳಿಗೆ, ಅಕ್ಕಿ ಗಿರಣಿಗಳಿಗೆ, ಅಡಿಕೆ ವ್ಯಾಪಾರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುತ್ತಿರುವವರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಯಾರೋ ಬರೆದು ಬಿಟ್ಟುಹೋದ ಪ್ರೋಗ್ರಾಂ ಕೈಗೆ ಬಂದಿದೆ. ಅದು ಓಡುತ್ತಿದೆ, ಆದರೆ ಓದಿದರೆ ಅರ್ಥವಾಗುವುದಿಲ್ಲ. ಒಂದು ಕಡೆ ಹೆಸರು ಬದಲಿಸಿದರೆ ಇನ್ನೆಲ್ಲೋ ಲೆಕ್ಕ ತಪ್ಪುತ್ತದೆ. ಇದನ್ನು ಸರಿಪಡಿಸಲು ಎಲ್ಲಿಂದ ಆರಂಭಿಸಬೇಕು ಎಂಬುದೇ ಆ ಪ್ರಶ್ನೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಉದಾಹರಣೆಗೆ ಎಪಿಎಂಸಿ ಪ್ರಾಂಗಣದ ಒಂದು ದಲ್ಲಾಳಿ ಅಂಗಡಿಯ ಪ್ರೋಗ್ರಾಂ ಇದೆ ಎಂದಿಟ್ಟುಕೊಳ್ಳಿ. ಮೆಕ್ಕೆಜೋಳದ ಒಟ್ಟು ತೂಕದಲ್ಲಿ ಚೀಲದ ತೂಕ ಮತ್ತು ತೇವಾಂಶದ ಕಡಿತವನ್ನು ಕಳೆದು, ಉಳಿದದ್ದನ್ನು ಕ್ವಿಂಟಲ್ ದರದಿಂದ ಗುಣಿಸಿ, ಹಮಾಲಿ ಮುಂತಾದ ಖರ್ಚು ಹಾಕಿ ಪಟ್ಟಿ (ಬಿಲ್) ಮುದ್ರಿಸುವುದು ಅದರ ಕೆಲಸ. ಪೈಥಾನ್‌ನಲ್ಲಿ ಬರೆದಿದೆ, ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ, ಅಂದರೆ ಕೋಡ್ ಬರೆದು ತಿದ್ದುವ ತಂತ್ರಾಂಶದಲ್ಲಿ, ತೆರೆದಿದ್ದೀರಿ. ಕೋಡಿನ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ. ನಿಮ್ಮ ಕಡತದಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ.

ಈ ಪ್ರೋಗ್ರಾಂನಲ್ಲಿ ಜೋಳದ ದರಕ್ಕೂ ಹಮಾಲಿಯ ದರಕ್ಕೂ ‘ರೇಟ್’ ಎಂಬ ಒಂದೇ ಹೆಸರಿದೆ. ಜೋಳದ ದರದ ಹೆಸರನ್ನು ‘ಪ್ರೈಸ್’ ಎಂದು ಬದಲಿಸಬೇಕೆಂದು ನೀವು ಹುಡುಕಿ-ಬದಲಿಸುವ ಸೌಲಭ್ಯವನ್ನು ಬಳಸಿದರೆ ಹಮಾಲಿಯ ದರವೂ ಬದಲಾಗುತ್ತದೆ. ಅಷ್ಟೇ ಅಲ್ಲ, ‘ಜನರೇಟ್’, ‘ಸೆಪರೇಟ್’, ‘ಆಪರೇಟ್’ ಎಂಬ ಪದಗಳ ಹೊಟ್ಟೆಯಲ್ಲಿರುವ ‘ರೇಟ್’ ಕೂಡ ಬದಲಾಗುತ್ತದೆ. ಇಡೀ ಪದವನ್ನು ಮಾತ್ರ ಹುಡುಕು ಎಂದು ಹೇಳಿದರೆ ಎರಡನೆಯ ತೊಂದರೆ ತಪ್ಪುತ್ತದೆ, ಮೊದಲನೆಯದು ಹಾಗೆಯೇ ಉಳಿಯುತ್ತದೆ. ಹುಡುಕುವ ಸೌಲಭ್ಯಕ್ಕೆ ಕಾಣುವುದು ಅಕ್ಷರಗಳ ಸಾಲು ಮಾತ್ರ. ಈ ‘ರೇಟ್’ ಯಾವ ಫಂಕ್ಷನ್‌ಗೆ, ಅಂದರೆ ಒಂದು ಕೆಲಸಕ್ಕೆಂದು ಹೆಸರಿಟ್ಟ ಕೋಡಿನ ತುಂಡಿಗೆ, ಸೇರಿದ್ದು, ಅದನ್ನು ಎಲ್ಲಿ ಘೋಷಿಸಲಾಗಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ರಚನೆ ಅರಿತ ಸಾಧನಗಳು ಬೇರೆ ದಾರಿ ಹಿಡಿಯುತ್ತವೆ. ಅವು ಮೊದಲು ಕೋಡನ್ನು ಪಾರ್ಸ್ ಮಾಡುತ್ತವೆ, ಅಂದರೆ ಭಾಷೆಯ ವ್ಯಾಕರಣದ ಪ್ರಕಾರ ಬಿಡಿಸಿ ಓದುತ್ತವೆ. ಹಾಗೆ ಓದಿದಾಗ ಸಿಗುವುದು ಸಿಂಟ್ಯಾಕ್ಸ್ ಟ್ರೀ, ಕನ್ನಡದಲ್ಲಿ ವ್ಯಾಕರಣ ವೃಕ್ಷ. ಮನೆತನದ ವಂಶವೃಕ್ಷದಲ್ಲಿ ಒಂದೇ ಹೆಸರಿನ ಅಜ್ಜ ಮತ್ತು ಮೊಮ್ಮಗ ಬೇರೆ ಬೇರೆ ಕೊಂಬೆಗಳಲ್ಲಿ ಇರುವಂತೆ, ಇಲ್ಲಿಯೂ ಎರಡು ‘ರೇಟ್’ಗಳು ಎರಡು ಕಡೆ ನಿಲ್ಲುತ್ತವೆ. ಯಾವ ಹೆಸರು ಯಾವ ಘೋಷಣೆಗೆ ಸೇರಿದ್ದು ಎಂಬ ಸಂಬಂಧವನ್ನು ಸಾಧನವು ಈ ವೃಕ್ಷದ ಮೇಲೆಯೇ ಗುರುತು ಮಾಡಿಕೊಳ್ಳುತ್ತದೆ.

ಪ್ರೋಗ್ರಾಂನ ಹೊರಗಿನ ವರ್ತನೆಯನ್ನು ಒಂದಿಷ್ಟೂ ಬದಲಿಸದೆ ಒಳಗಿನ ರಚನೆಯನ್ನು ಉತ್ತಮಪಡಿಸುವುದಕ್ಕೆ ರಿಫ್ಯಾಕ್ಟರಿಂಗ್ ಎನ್ನುತ್ತಾರೆ. ವಿಲಿಯಂ ಒಪ್‌ಡೈಕ್ ಅವರು 1992ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದ ವಿಷಯವೇ ಇದು. ಅಲ್ಲಿಯೇ ಜಾನ್ ಬ್ರಾಂಟ್ ಮತ್ತು ಡಾನ್ ರಾಬರ್ಟ್ಸ್ ಅವರು ಸ್ಮಾಲ್‌ಟಾಕ್ ಭಾಷೆಗಾಗಿ ರಿಫ್ಯಾಕ್ಟರಿಂಗ್ ಬ್ರೌಸರ್ ಎಂಬ ಸಾಧನವನ್ನು ಕಟ್ಟಿದರು. 2001ರಲ್ಲಿ ಬಂದ ಇಂಟೆಲಿಜೆ ಐಡಿಯಾ ಮತ್ತು ಎಕ್ಲಿಪ್ಸ್ ಈ ಸೌಲಭ್ಯವನ್ನು ಜಾವಾ ಬಳಸುವವರ ಕೈಗೆ ತಂದವು. 2016ರಲ್ಲಿ ಮೈಕ್ರೋಸಾಫ್ಟ್ ಮುಂದಿಟ್ಟ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಎಂಬ ಒಪ್ಪಂದದ ಫಲವಾಗಿ, ಒಂದು ಭಾಷೆಗೆ ಒಮ್ಮೆ ಬರೆದ ವಿಶ್ಲೇಷಕವನ್ನು ಹಲವು ಎಡಿಟರ್‌ಗಳು ಬಳಸಿಕೊಳ್ಳುವಂತಾಯಿತು. ಇಂದು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿಯೂ ಖರ್ಚಿಲ್ಲದೆ ಇವೆಲ್ಲ ಸಿಗುತ್ತವೆ. ಹಾಗಿದ್ದೂ ನಮ್ಮಲ್ಲಿ ಅನೇಕರು ಎಡಿಟರ್ ಅನ್ನು ಬರಿಯ ಟೈಪಿಂಗ್ ಯಂತ್ರದಂತೆ ಬಳಸುತ್ತಿರುವುದು ನನಗೆ ಬೇಸರ ತರುವ ಸಂಗತಿ.

ಬೇಕಾದದ್ದು ಇಷ್ಟು: ವಿಎಸ್ ಕೋಡ್ ಮತ್ತು ಅದರ ಪೈಥಾನ್ ಹಾಗೂ ಪೈಲಾನ್ಸ್ ಎಕ್ಸ್‌ಟೆನ್ಷನ್‌ಗಳು, ಅಥವಾ ಪೈಚಾರ್ಮ್, ಬದಲಾವಣೆಗಳ ದಾಖಲೆ ಇಡುವ ಗಿಟ್, ಏಳನೆಯ ಹಂತಕ್ಕೆ ಎಎಸ್‌ಟಿ-ಗ್ರೆಪ್ ಎಂಬ ಉಚಿತ ಸಾಧನ. ಜಾವಾ ಬಳಸುವವರಿಗೆ ಇಂಟೆಲಿಜೆ ಅಥವಾ ಎಕ್ಲಿಪ್ಸ್ ಸಾಕು, ಹಂತಗಳು ಅವೇ.

ಹಂತ 1: ಮುಟ್ಟುವ ಮೊದಲು ದಾಖಲಿಸಿ

ಪ್ರೋಗ್ರಾಂ ಈಗ ಹೇಗಿದೆಯೋ ಹಾಗೆಯೇ ಗಿಟ್‌ಗೆ ಸೇರಿಸಿ ಕಮಿಟ್ ಮಾಡಿ. ಕಮಿಟ್ ಎಂದರೆ ಆ ಕ್ಷಣದ ಸ್ಥಿತಿಯ ಶಾಶ್ವತ ದಾಖಲೆ. ಆದರೆ ಅದಕ್ಕೂ ಮುನ್ನ ಕಡತಗಳ ಎನ್‌ಕೋಡಿಂಗ್, ಎಂದರೆ ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸಿರುವ ಪದ್ಧತಿ, ಯಾವುದೆಂದು ನೋಡಿಕೊಳ್ಳಿ.

ಕನ್ನಡದಲ್ಲಿ ಪಟ್ಟಿ ಮುದ್ರಿಸುವ ಹಳೆಯ ಪ್ರೋಗ್ರಾಂಗಳಲ್ಲಿ ಇದು ದೊಡ್ಡ ಅಪಾಯ. ಅವುಗಳಲ್ಲಿನ ಕನ್ನಡ ಪಠ್ಯ ಯೂನಿಕೋಡ್‌ನಲ್ಲಿರದೆ, ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಿಗೆ ತಕ್ಕಂತೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತದೆ. ಎಡಿಟರ್‌ನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತದೆ. ಅದನ್ನು ಕಸವೆಂದು ಅಳಿಸಬೇಡಿ. ಅದು ‘ಒಟ್ಟು ತೂಕ’ ಎಂಬ ಶೀರ್ಷಿಕೆಯೇ ಆಗಿರಬಹುದು. ಕಡತವನ್ನು ತಪ್ಪು ಎನ್‌ಕೋಡಿಂಗ್‌ನಲ್ಲಿ ತೆರೆದು ಉಳಿಸಿದರೆ ಈ ಪಠ್ಯ ಮರಳಿ ಬಾರದಂತೆ ಕೆಡುತ್ತದೆ. ವಿಎಸ್ ಕೋಡ್ ಕಿಟಕಿಯ ಕೆಳಗೆ ಬಲಭಾಗದಲ್ಲಿ ಎನ್‌ಕೋಡಿಂಗ್ ಹೆಸರು ಕಾಣುತ್ತದೆ. ಅದರ ಮೇಲೆ ಒತ್ತಿ, ಸರಿಯಾದ ಎನ್‌ಕೋಡಿಂಗ್‌ನೊಂದಿಗೆ ಮತ್ತೆ ತೆರೆಯುವ ಆಯ್ಕೆಯನ್ನು ಬಳಸಿ. ಯೂನಿಕೋಡ್‌ಗೆ ಪರಿವರ್ತಿಸುವ ಕೆಲಸವನ್ನು ಈ ರಿಫ್ಯಾಕ್ಟರಿಂಗ್ ಜೊತೆ ಬೆರೆಸದೆ ಬೇರೆಯಾಗಿ ಮಾಡಿ.

ಹಂತ 2: ಹಳೆಯ ಪಟ್ಟಿಗಳನ್ನೇ ಸಾಕ್ಷಿಯಾಗಿಸಿ

ವರ್ತನೆ ಬದಲಾಗಿಲ್ಲ ಎಂಬುದಕ್ಕೆ ಸಾಕ್ಷಿ ಬೇಕು. ಬಹುತೇಕ ಹಳೆಯ ಪ್ರೋಗ್ರಾಂಗಳಿಗೆ ಟೆಸ್ಟ್‌ಗಳಿರುವುದಿಲ್ಲ, ಆದರೆ ಹಳೆಯ ಪಟ್ಟಿಗಳು ಇದ್ದೇ ಇರುತ್ತವೆ. ಅಂಗಡಿಯ ಮಾಲೀಕರ ಒಪ್ಪಿಗೆ ಪಡೆದು ಕೆಲವು ದಿನಗಳ ವಹಿವಾಟನ್ನು ಆಯ್ದುಕೊಳ್ಳಿ. ರೈತರ ಹೆಸರು, ಫೋನ್, ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಅಳಿಸಿ. ಆ ವಹಿವಾಟನ್ನು ಈಗಿನ ಪ್ರೋಗ್ರಾಂಗೆ ಉಣಿಸಿ, ಬಂದ ಫಲಿತಾಂಶವನ್ನು ಒಂದು ಪಠ್ಯ ಕಡತದಲ್ಲಿ ಉಳಿಸಿ. ಮುಂದಿನ ಪ್ರತಿ ಹಂತದ ನಂತರವೂ ಅದೇ ವಹಿವಾಟನ್ನು ಮತ್ತೆ ಓಡಿಸಿ ಎರಡೂ ಕಡತಗಳನ್ನು ಹೋಲಿಸಬೇಕು. ಒಂದು ಪೈಸೆಯ ವ್ಯತ್ಯಾಸ ಬಂದರೂ ಅಲ್ಲಿಯೇ ನಿಲ್ಲಿಸಬೇಕು.

ಮುದ್ರಣದ ದಿನಾಂಕ ಮತ್ತು ಸಮಯ ಪ್ರತಿ ಸಲವೂ ಬದಲಾಗುವುದರಿಂದ ಅವನ್ನು ಸ್ಥಿರವಾಗಿಡಿ. ಸಾಮಾನ್ಯ ಪಟ್ಟಿಗಳ ಜೊತೆ ಅಪರೂಪದವೂ ಇರಲಿ: ಅರ್ಧ ಕಿಲೋ ಬರುವ ತೂಕ, ತೇವಾಂಶ ಮಿತಿ ಮೀರಿದ ಮಾಲು, ಚೀಲವಿಲ್ಲದೆ ಬಂದ ರಾಶಿ, ರದ್ದಾದ ಪಟ್ಟಿ. ತಪ್ಪುಗಳು ಅಡಗುವುದು ಇಂತಹ ಕಡೆಯೇ. ಈಗಿನ ಪ್ರೋಗ್ರಾಂನ ಲೆಕ್ಕದಲ್ಲಿಯೇ ತಪ್ಪು ಕಂಡರೆ ಬರೆದಿಟ್ಟುಕೊಳ್ಳಿ, ಈಗ ತಿದ್ದಬೇಡಿ.

ಹಂತ 3: ರಚನೆಯ ಪ್ರಕಾರ ಆಯ್ದುಕೊಳ್ಳುವುದನ್ನು ರೂಢಿಸಿಕೊಳ್ಳಿ

ಮೌಸ್ ಎಳೆದು ಕೋಡನ್ನು ಆಯ್ದುಕೊಂಡರೆ ಒಂದು ಆವರಣ ಚಿಹ್ನೆ ಹೊರಗೆ ಉಳಿಯುವುದು ಸಾಮಾನ್ಯ. ಅದರ ಬದಲು ಕರ್ಸರನ್ನು ಒಂದು ಹೆಸರಿನ ಮೇಲಿಟ್ಟು ಶಿಫ್ಟ್, ಆಲ್ಟ್ ಮತ್ತು ಬಲ ಬಾಣದ ಕೀಲಿಗಳನ್ನು ಒಟ್ಟಿಗೆ ಒತ್ತಿ. ಮೊದಲು ಹೆಸರು, ನಂತರ ಅದನ್ನು ಒಳಗೊಂಡ ಲೆಕ್ಕ, ನಂತರ ಇಡೀ ವಾಕ್ಯ, ನಂತರ ಫಂಕ್ಷನ್, ಹೀಗೆ ಆಯ್ಕೆ ಹಂತಹಂತವಾಗಿ ಹಿಗ್ಗುತ್ತದೆ. ಎಡ ಬಾಣ ಒತ್ತಿದರೆ ಕುಗ್ಗುತ್ತದೆ. ಪೈಚಾರ್ಮ್ ಮತ್ತು ಇಂಟೆಲಿಜೆಯಲ್ಲಿ ಇದಕ್ಕೆ ಕಂಟ್ರೋಲ್ ಮತ್ತು ಡಬ್ಲ್ಯೂ. ನಿಯೋವಿಮ್ ಬಳಸುವವರಿಗೆ ಟ್ರೀ-ಸಿಟರ್ ಎಂಬ ಪಾರ್ಸರ್ ಇದೇ ಸೌಲಭ್ಯ ಕೊಡುತ್ತದೆ. ನೀವು ಟೈಪ್ ಮಾಡುತ್ತಿರುವಾಗ ಕೋಡ್ ಅರೆಬರೆಯಾಗಿದ್ದರೂ ವೃಕ್ಷವನ್ನು ಕಟ್ಟಬಲ್ಲದು ಎಂಬುದು ಟ್ರೀ-ಸಿಟರ್‌ನ ವಿಶೇಷ. ಮುಂದಿನ ಹಂತಗಳಲ್ಲಿ ಸಾಧನಕ್ಕೆ ಪೂರ್ಣ ತುಂಡನ್ನು ಕೊಡಬೇಕಾಗುವುದರಿಂದ ಈ ಅಭ್ಯಾಸ ಮೊದಲೇ ಕೈಗೆ ಹತ್ತಲಿ.

ಹಂತ 4: ಹೆಸರು ಬದಲಿಸಿ

ಬದಲಿಸಬೇಕಾದ ಹೆಸರಿನ ಮೇಲೆ ಕರ್ಸರ್ ಇಟ್ಟು ಎಫ್2 ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಕೀಲಿಯನ್ನೂ ಜೊತೆಗೆ ಒತ್ತಬೇಕಾಗುತ್ತದೆ. ಪೈಚಾರ್ಮ್‌ನಲ್ಲಿ ಶಿಫ್ಟ್ ಮತ್ತು ಎಫ್6. ಹೊಸ ಹೆಸರು ಬರೆದ ಕೂಡಲೇ ಎಂಟರ್ ಒತ್ತದೆ, ಆ ಚೌಕದ ಕೆಳಗೆ ತೋರಿಸುವ ಪೂರ್ವನೋಟದ ಕೀಲಿಯನ್ನು ಒತ್ತಿ. ಯಾವ ಯಾವ ಕಡತದ ಯಾವ ಸಾಲು ಬದಲಾಗಲಿದೆ ಎಂಬ ಪಟ್ಟಿ ಬರುತ್ತದೆ. ಅದನ್ನು ಓದದೆ ಒಪ್ಪಬೇಡಿ.

ಇಲ್ಲಿ ಸಾಧನಕ್ಕೆ ಕಾಣದ ಜಾಗಗಳು ಯಾವುವು ಎಂಬುದು ನಿಮಗೆ ಸ್ಪಷ್ಟವಾಗಿರಬೇಕು; ಈ ಇಡೀ ಲೇಖನದಲ್ಲಿ ಅತ್ಯಂತ ಮುಖ್ಯವಾದ ವಿಷಯ ಇದೇ ಎಂದು ನಾನು ಭಾವಿಸುತ್ತೇನೆ. ವೃಕ್ಷದೊಳಗೆ ಇರುವುದು ಮಾತ್ರ ಸಾಧನಕ್ಕೆ ಗೊತ್ತು. ಉದ್ಧರಣ ಚಿಹ್ನೆಗಳ ನಡುವಿನ ಪಠ್ಯದಲ್ಲಿ ‘ರೇಟ್’ ಎಂದಿದ್ದರೆ ಪಾರ್ಸರ್‌ಗೆ ಅದು ಬರಿಯ ಪಠ್ಯ. ಡೇಟಾಬೇಸ್‌ಗೆ ಕಳುಹಿಸುವ ಪ್ರಶ್ನೆಯಲ್ಲಿನ ಕಾಲಂ ಹೆಸರು, ಪಟ್ಟಿ ಮುದ್ರಿಸುವ ಎಚ್‌ಟಿಎಂಎಲ್ ಮಾದರಿಯಲ್ಲಿನ ಹೆಸರು, ಜೇಸನ್ ಕಡತದ ಕೀಲಿ, ಹೆಸರನ್ನು ಪಠ್ಯವಾಗಿ ಕೊಟ್ಟು ಗುಣವನ್ನು ಪಡೆಯುವ ಗೆಟ್‌ಆಟರ್ ಎಂಬ ಫಂಕ್ಷನ್, ಇವೆಲ್ಲ ಸಾಧನದ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಸಾಧನದಿಂದ ಹೆಸರು ಬದಲಿಸಿದ ಮೇಲೆ ಹಳೆಯ ಹೆಸರನ್ನು ಇಡೀ ಪ್ರಾಜೆಕ್ಟ್‌ನಲ್ಲಿ ಒಮ್ಮೆ ಸಾಮಾನ್ಯ ರೀತಿಯಲ್ಲಿ ಹುಡುಕಿ, ಸಿಕ್ಕ ಪ್ರತಿಯೊಂದನ್ನೂ ಕಣ್ಣಿನಿಂದ ನೋಡಿ ತೀರ್ಮಾನಿಸಿ. ಹಾಗೆಂದು ಡೇಟಾಬೇಸ್‌ನ ಕಾಲಂ ಹೆಸರನ್ನು ಇದೇ ಉಸಿರಿನಲ್ಲಿ ಬದಲಿಸಲು ಹೋಗಬೇಡಿ: ಅಂಗಡಿಯ ಕಂಪ್ಯೂಟರ್‌ನಲ್ಲಿ ಈಗಾಗಲೇ ತುಂಬಿರುವ ದತ್ತಾಂಶವನ್ನು ಮುಟ್ಟುವ ಕೆಲಸ ಅದು, ಅದರ ತಯಾರಿಯೇ ಬೇರೆ.

ಪೈಥಾನ್‌ಗೆ ಸೀಮಿತವಾದ ಇನ್ನೊಂದು ತೊಡಕಿದೆ. ಜಾವಾದಲ್ಲಿ ಪ್ರತಿ ವೇರಿಯಬಲ್‌ನ ಟೈಪ್, ಅಂದರೆ ಅದರೊಳಗಿನ ಮೌಲ್ಯ ಯಾವ ಬಗೆಯದು ಎಂಬುದು, ಕೋಡ್‌ನಲ್ಲಿ ಘೋಷಿತವಾಗಿರುತ್ತದೆ ಅಥವಾ ಕಂಪೈಲರ್‌ಗೆ ತಿಳಿದಿರುತ್ತದೆ. ಪೈಥಾನ್‌ನಲ್ಲಿ ಹಾಗಲ್ಲ. ಒಂದು ಫಂಕ್ಷನ್‌ಗೆ ‘ಪಿ’ ಎಂಬ ಹೆಸರಿನಲ್ಲಿ ಏನೋ ಬರುತ್ತದೆ, ಅದರ ‘ರೇಟ್’ ಗುಣವನ್ನು ಬಳಸಲಾಗಿದೆ. ಆ ‘ಪಿ’ ಎಂದರೆ ಪಟ್ಟಿಯೋ ಹಮಾಲಿಯ ದಾಖಲೆಯೋ ಎಂದು ಸಾಧನಕ್ಕೆ ತಿಳಿಯದಿದ್ದರೆ ಆ ಜಾಗವನ್ನು ಅದು ಬಿಟ್ಟುಬಿಡಬಹುದು. ಫಂಕ್ಷನ್‌ಗಳ ಆರಂಭದಲ್ಲಿ ಟೈಪ್ ಸೂಚನೆಗಳನ್ನು ಮೊದಲು ಬರೆದು ನಂತರ ಹೆಸರು ಬದಲಿಸಿದರೆ ಈ ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಒಂದು ಹೆಸರು ಬದಲಿಸಿದಿರಿ, ಹೋಲಿಕೆ ಓಡಿಸಿದಿರಿ, ಕಮಿಟ್ ಮಾಡಿದಿರಿ: ಇದೇ ಕ್ರಮ. ಹತ್ತು ಹೆಸರುಗಳನ್ನು ಒಂದೇ ಕಮಿಟ್‌ನಲ್ಲಿ ತುಂಬಿದರೆ, ಲೆಕ್ಕ ತಪ್ಪಿದಾಗ ಯಾವುದರಿಂದ ತಪ್ಪಿತು ಎಂದು ಹುಡುಕುವುದು ಕಷ್ಟ.

ಹಂತ 5: ಉದ್ದನೆಯ ಫಂಕ್ಷನ್ ಅನ್ನು ಬೇರ್ಪಡಿಸಿ

ಪಟ್ಟಿ ತಯಾರಿಸುವ ಫಂಕ್ಷನ್ ನೂರಾರು ಸಾಲುಗಳಷ್ಟಿದ್ದರೆ ಅದರೊಳಗಿನ ತೇವಾಂಶದ ಕಡಿತದ ಲೆಕ್ಕವನ್ನು ಪ್ರತ್ಯೇಕ ಫಂಕ್ಷನ್ ಆಗಿಸಬಹುದು. ಆ ಸಾಲುಗಳನ್ನು ಆಯ್ದು, ಕಂಟ್ರೋಲ್ ಮತ್ತು ಚುಕ್ಕೆ ಒತ್ತಿ, ಫಂಕ್ಷನ್ ಅಥವಾ ಮೆಥಡ್ ಆಗಿ ಹೊರತೆಗೆಯುವ ಆಯ್ಕೆಯನ್ನು ಆರಿಸಿ. ಪೈಚಾರ್ಮ್‌ನಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಎಂ. ಹೊಸ ಫಂಕ್ಷನ್‌ಗೆ ಯಾವ ಮೌಲ್ಯಗಳನ್ನು ಒಳಕಳುಹಿಸಬೇಕು, ಯಾವುದನ್ನು ಹಿಂದಿರುಗಿಸಬೇಕು ಎಂಬುದನ್ನು ಸಾಧನವೇ ಲೆಕ್ಕ ಹಾಕುತ್ತದೆ. ಅದು ಕೊಡುವ ತಾತ್ಕಾಲಿಕ ಹೆಸರನ್ನು ತಕ್ಷಣ ಬದಲಿಸಿ. ಒಳಕಳುಹಿಸಬೇಕಾದ ಮೌಲ್ಯಗಳು ಏಳೆಂಟು ಬಂದರೆ, ನೀವು ಕತ್ತರಿಸಿದ ಜಾಗ ಸರಿಯಿಲ್ಲ ಎಂದೇ ತಿಳಿಯಿರಿ. ಬದಲಾವಣೆಯನ್ನು ರದ್ದುಪಡಿಸಿ ಬೇರೆ ಗಡಿ ಆರಿಸಿ.

ಇದರ ವಿರುದ್ಧ ಕ್ರಿಯೆಗೆ ಇನ್‌ಲೈನ್ ಎನ್ನುತ್ತಾರೆ: ಒಂದು ವೇರಿಯಬಲ್ ಅನ್ನು ತೆಗೆದು, ಅದನ್ನು ಬಳಸಿದ ಕಡೆಯಲ್ಲೆಲ್ಲ ಅದರ ಮೂಲ ಲೆಕ್ಕವನ್ನೇ ಇಡುವುದು. ಇಲ್ಲೊಂದು ಬಲೆ ಇದೆ. ಮುಂದಿನ ಪಟ್ಟಿಯ ಕ್ರಮಸಂಖ್ಯೆಯನ್ನು ಕೊಡುವ ಫಂಕ್ಷನ್ ಪ್ರತಿ ಕರೆಗೂ ಸಂಖ್ಯೆಯನ್ನು ಒಂದು ಹೆಚ್ಚಿಸುತ್ತದೆ ಎಂದುಕೊಳ್ಳಿ. ಅದರ ಫಲಿತಾಂಶವನ್ನು ಹಿಡಿದಿಟ್ಟ ವೇರಿಯಬಲ್ ಎರಡು ಕಡೆ ಬಳಕೆಯಾಗಿದ್ದು, ಅದನ್ನು ನೀವು ಇನ್‌ಲೈನ್ ಮಾಡಿದರೆ ಫಂಕ್ಷನ್‌ಗೆ ಎರಡು ಸಲ ಕರೆ ಹೋಗುತ್ತದೆ. ಪಟ್ಟಿಯ ಮೇಲೊಂದು ಸಂಖ್ಯೆ, ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಸಂಖ್ಯೆ ಬರುತ್ತದೆ. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ಯಾವ ತಪ್ಪೂ ಇಲ್ಲದಿರುವುದರಿಂದ ಸಾಧನ ಎಚ್ಚರಿಸದೇ ಹೋಗಬಹುದು. ಕರೆದಾಗ ಹೊರಗಿನ ಸ್ಥಿತಿಯನ್ನು ಬದಲಿಸುವ ಯಾವುದನ್ನೂ ಇನ್‌ಲೈನ್ ಮಾಡಬೇಡಿ.

ಹಂತ 6: ಫಂಕ್ಷನ್ ಪಡೆಯುವ ಮೌಲ್ಯಗಳನ್ನು ಬದಲಿಸಿ

ಪೈಚಾರ್ಮ್ ಮತ್ತು ಇಂಟೆಲಿಜೆಯಲ್ಲಿ ಕಂಟ್ರೋಲ್ ಮತ್ತು ಎಫ್6 ಇದಕ್ಕಿದೆ. ವಿಎಸ್ ಕೋಡ್ ಬಳಸುವವರು ಹೊಸ ಮೌಲ್ಯವನ್ನು ಪೂರ್ವನಿಗದಿತ ಅಂಕಿಯೊಂದಿಗೆ (ಕರೆಯುವಾಗ ಏನೂ ಕೊಡದಿದ್ದರೆ ಬಳಕೆಯಾಗುವಂಥದ್ದು) ಸೇರಿಸಿ, ಶಿಫ್ಟ್ ಮತ್ತು ಎಫ್12 ಒತ್ತಿ ಎಲ್ಲ ಕರೆಗಳನ್ನೂ ಪಟ್ಟಿ ಮಾಡಿಕೊಂಡು ಒಂದೊಂದಾಗಿ ತಿದ್ದಬಹುದು. ಮೌಲ್ಯಗಳ ಕ್ರಮವನ್ನು ಮಾತ್ರ ಕೈಯಿಂದ ಅದಲುಬದಲು ಮಾಡಬೇಡಿ. ಚೀಲದ ತೂಕವೂ ತೇವಾಂಶವೂ ದಶಮಾಂಶ ಸಂಖ್ಯೆಗಳೇ ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಹೋದರೆ ಪ್ರೋಗ್ರಾಂ ದೋಷ ತೋರಿಸದೆ ತಪ್ಪು ಹಣ ಬರೆಯುತ್ತದೆ. ಕರೆಯುವಾಗಲೂ ಹೆಸರು ಸಹಿತ ಮೌಲ್ಯ ಕೊಡುವ ಪದ್ಧತಿಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು.

ಹಂತ 7: ಒಂದೇ ಬಗೆಯ ಬದಲಾವಣೆಯನ್ನು ನಮೂನೆ ಕೊಟ್ಟು ಮಾಡಿ

ನಮ್ಮ ಪ್ರೋಗ್ರಾಂನಲ್ಲಿ ಹಣದ ಮೊತ್ತವನ್ನು ಎರಡು ದಶಮಾಂಶಕ್ಕೆ ತರಲು ಪೈಥಾನ್‌ನ ‘ರೌಂಡ್’ ಫಂಕ್ಷನ್ ಅನ್ನು ಹಲವಾರು ಕಡೆ ಕರೆಯಲಾಗಿದೆ. ಅದರ ಬದಲು, ಒಳಗೆ ‘ರೌಂಡ್’ ಅನ್ನೇ ಕರೆಯುವ ‘ಪೈಸೆ’ ಎಂಬ ನಮ್ಮದೇ ಫಂಕ್ಷನ್ ಎಲ್ಲೆಡೆ ಬರಬೇಕು. ಇದು ಹೆಸರು ಬದಲಾವಣೆ ಅಲ್ಲ, ಏಕೆಂದರೆ ಎರಡನೆಯ ಮೌಲ್ಯವಾದ 2 ಕೂಡ ಹೋಗಬೇಕು. ರೆಗ್ಯುಲರ್ ಎಕ್ಸ್‌ಪ್ರೆಷನ್, ಅಂದರೆ ಅಕ್ಷರಗಳ ನಮೂನೆ ಕೊಟ್ಟು ಹುಡುಕುವ ವಿಧಾನ, ಇಲ್ಲಿ ಸೋಲುತ್ತದೆ: ಆವರಣದೊಳಗೆ ಇನ್ನೊಂದು ಆವರಣ ಬಂದಾಗ ಯಾವುದು ಎಲ್ಲಿ ಮುಚ್ಚುತ್ತದೆ ಎಂದು ಅದು ವಿಶ್ವಾಸಾರ್ಹವಾಗಿ ಎಣಿಸಲಾರದು.

ಎಎಸ್‌ಟಿ-ಗ್ರೆಪ್ ಟ್ರೀ-ಸಿಟರ್ ಬಳಸಿ ವೃಕ್ಷದಲ್ಲಿಯೇ ಹುಡುಕುತ್ತದೆ. ಇದನ್ನು ಪಿಪ್ ಅಥವಾ ಎನ್‌ಪಿಎಂ ಮೂಲಕ ಸ್ಥಾಪಿಸಬಹುದು. ನಮೂನೆಯಲ್ಲಿ ‘ಯಾವುದಾದರೂ ಒಂದು ಲೆಕ್ಕ’ ಎಂದು ಸೂಚಿಸಲು ಡಾಲರ್ ಚಿಹ್ನೆ ಹಾಕಿ ಅದಕ್ಕೆ ಅಂಟಿದಂತೆ ಇಂಗ್ಲಿಷ್‌ನ ದೊಡ್ಡ ಅಕ್ಷರದ ಒಂದು ಹೆಸರು ಬರೆಯಬೇಕು. ಮೂರು ಡಾಲರ್ ಚಿಹ್ನೆಗಳಿದ್ದರೆ ‘ಎಷ್ಟಾದರೂ’ ಎಂದರ್ಥ. ‘ರೌಂಡ್’, ಆವರಣದಲ್ಲಿ ಡಾಲರ್ ಎ, ಅಲ್ಪವಿರಾಮ, 2: ಇದು ಹುಡುಕುವ ನಮೂನೆ. ‘ಪೈಸೆ’, ಆವರಣದಲ್ಲಿ ಡಾಲರ್ ಎ: ಇದು ಬದಲಿ ನಮೂನೆ. ಎರಡನ್ನೂ ಕೊಟ್ಟು, ಪ್ರತಿ ಬದಲಾವಣೆಗೂ ಒಪ್ಪಿಗೆ ಕೇಳುವ ಸಂವಾದ ವಿಧಾನದಲ್ಲಿ ಓಡಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸುವ ಆಯ್ಕೆ ಇದೆ, ಮೊದಲ ಸಲ ಅದನ್ನು ಬಳಸಬೇಡಿ.

ಎಡವುವ ಜಾಗಗಳು ಇಲ್ಲಿ ಹೆಚ್ಚು. ಲಿನಕ್ಸ್‌ನಲ್ಲಿ ನಮೂನೆಯನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಕೊಡಿ; ಇಲ್ಲದಿದ್ದರೆ ಡಾಲರ್ ಇರುವ ಹೆಸರನ್ನು ಶೆಲ್ (ನೀವು ಬರೆದ ಆಜ್ಞೆಯನ್ನು ಓದಿ ನಡೆಸುವ ಪ್ರೋಗ್ರಾಂ) ತನ್ನ ವೇರಿಯಬಲ್ ಎಂದುಕೊಂಡು ಖಾಲಿ ಮಾಡಿಬಿಡುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಜೋಡಿ ಉದ್ಧರಣ ಚಿಹ್ನೆಗಳು ಬೇಕು. ಈ ಸಾಧನದ ‘ಎಸ್‌ಜಿ’ ಎಂಬ ಹ್ರಸ್ವನಾಮ ಲಿನಕ್ಸ್‌ನ ಬೇರೊಂದು ಆಜ್ಞೆಯ ಹೆಸರೂ ಆಗಿರುವುದರಿಂದ ಅಲ್ಲಿ ಪೂರ್ಣ ಹೆಸರನ್ನೇ ಬರೆಯಿರಿ. ಎಲ್ಲಕ್ಕಿಂತ ಗಂಭೀರವಾದದ್ದು ಮುಂದಿದೆ: ‘ಪೈಸೆ’ ಫಂಕ್ಷನ್‌ನ ಒಡಲಿನಲ್ಲಿಯೂ ಒಂದು ‘ರೌಂಡ್’ ಕರೆ ಇದೆಯಲ್ಲ, ಅದೂ ನಮೂನೆಗೆ ಹೊಂದುತ್ತದೆ. ಅದನ್ನು ಬದಲಿಸಲು ಒಪ್ಪಿದರೆ ಫಂಕ್ಷನ್ ತನ್ನನ್ನೇ ಕೊನೆಯಿಲ್ಲದೆ ಕರೆಯುತ್ತ ಪ್ರೋಗ್ರಾಂ ನಿಲ್ಲುತ್ತದೆ. ಜೊತೆಗೆ, ‘ಪೈಸೆ’ಯನ್ನು ಆಮದು ಮಾಡುವ ಸಾಲನ್ನು ಪ್ರತಿ ಕಡತಕ್ಕೂ ನೀವೇ ಸೇರಿಸಬೇಕು.

‘ಪೈಸೆ’ಯ ಒಳಗೆ ಈಗ ಹಳೆಯ ‘ರೌಂಡ್’ ಅನ್ನೇ ಇಡಿ ಎಂದು ಒತ್ತಿ ಹೇಳುತ್ತೇನೆ. ಪೈಥಾನ್ 3ರ ‘ರೌಂಡ್’ ಸರಿಯಾಗಿ ಅರ್ಧಕ್ಕೆ ಬಂದ ಮೊತ್ತವನ್ನು ಹತ್ತಿರದ ಸಮ ಅಂಕಿಯ ಕಡೆಗೆ ತರುತ್ತದೆ: 2.5ಕ್ಕೆ 2, 0.125ಕ್ಕೆ 0.12. ನಾವು ಶಾಲೆಯಲ್ಲಿ ಕಲಿತಂತೆ 0.13 ಬರಬೇಕೆಂದು ಅಂಗಡಿಯವರು ಬಯಸಬಹುದು, ಅದಕ್ಕೆ ಪೈಥಾನ್‌ನ ಡೆಸಿಮಲ್ ಮಾಡ್ಯೂಲ್ ತಕ್ಕದ್ದು. ಆದರೆ ಅದು ವರ್ತನೆಯ ಬದಲಾವಣೆ. ರೈತನ ಕೈ ಸೇರುವ ಹಣ ಅದರಿಂದ ಬದಲಾಗುತ್ತದೆ. ಮೊದಲು ರಚನೆ ಬದಲಿಸಿ, ಹೋಲಿಕೆಯಲ್ಲಿ ಒಂದು ಪೈಸೆಯೂ ವ್ಯತ್ಯಾಸವಿಲ್ಲವೆಂದು ಕಂಡು, ಕಮಿಟ್ ಮಾಡಿ. ನಂತರ ಮಾಲೀಕರನ್ನು ಕೇಳಿ, ‘ಪೈಸೆ’ಯ ಒಳಗಿನ ಒಂದೇ ಸಾಲನ್ನು ಬೇರೆ ಕಮಿಟ್‌ನಲ್ಲಿ ಬದಲಿಸಿ. ಎರಡನ್ನೂ ಬೆರೆಸಿದರೆ, ಹೋಲಿಕೆಯಲ್ಲಿ ಕಂಡ ವ್ಯತ್ಯಾಸ ಬೇಕೆಂದೇ ತಂದದ್ದೋ ತಪ್ಪಿನಿಂದ ಬಂದದ್ದೋ ಹೇಳಲಾಗುವುದಿಲ್ಲ.

ಕೃತಕ ಬುದ್ಧಿಮತ್ತೆಯ ಸಹಾಯಕಕ್ಕೆ ಇಡೀ ಕೆಲಸ ಒಪ್ಪಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಕೋಡ್ ಏನು ಮಾಡುತ್ತಿದೆ ಎಂದು ವಿವರಿಸಲು, ಎಎಸ್‌ಟಿ-ಗ್ರೆಪ್ ನಮೂನೆಯ ಕರಡು ಬರೆಯಲು ಅದು ನೆರವಾಗುತ್ತದೆ. ಆದರೆ ಕೋಡನ್ನು ಅದೇ ಹೊಸದಾಗಿ ಬರೆದುಕೊಟ್ಟಾಗ, ಕೇಳದೇ ಇದ್ದ ಸಾಲೊಂದು ಬದಲಾಗಿಲ್ಲ ಎಂಬ ಖಾತರಿ ಇರುವುದಿಲ್ಲ. ಬದಲಾವಣೆಯನ್ನು ಎಡಿಟರ್‌ನ ಸಾಧನದಿಂದಲೇ ಮಾಡಿಸಿ, ಗಿಟ್ ತೋರಿಸುವ ವ್ಯತ್ಯಾಸವನ್ನು ಸಾಲುಸಾಲಾಗಿ ನೀವೇ ಓದಿ.

ಹಂತ 8: ಅಂಗಡಿಗೆ ಒಪ್ಪಿಸಿ

ಬ್ಲ್ಯಾಕ್‌ನಂತಹ ಫಾರ್ಮ್ಯಾಟರ್, ಅಂದರೆ ಸಾಲುಗಳ ಜೋಡಣೆಯನ್ನು ಒಪ್ಪಗೊಳಿಸುವ ಸಾಧನ, ಬಳಸುವುದಿದ್ದರೆ ಅದನ್ನು ಪ್ರತ್ಯೇಕ ಕಮಿಟ್‌ನಲ್ಲಿ ಮಾಡಿ. ಇಲ್ಲದಿದ್ದರೆ ನಿಜವಾದ ಬದಲಾವಣೆ ನೂರಾರು ಖಾಲಿ ಜಾಗಗಳ ನಡುವೆ ಮುಚ್ಚಿಹೋಗುತ್ತದೆ.

ಹೊಸ ಆವೃತ್ತಿಯನ್ನು ಮೆಕ್ಕೆಜೋಳದ ಆವಕ ಜೋರಾಗಿರುವ ಸುಗ್ಗಿಯ ದಿನಗಳಲ್ಲಾಗಲಿ, ಲೆಕ್ಕ ಮುಗಿಸುವ ಮಾರ್ಚ್ ಕೊನೆಯಲ್ಲಾಗಲಿ ಹಾಕಬೇಡಿ. ಹಳೆಯ ಆವೃತ್ತಿಯನ್ನು ಬೇರೆ ಫೋಲ್ಡರ್‌ನಲ್ಲಿ ಹಾಗೆಯೇ ಉಳಿಸಿ, ಡೇಟಾಬೇಸ್‌ನ ಒಂದು ಪ್ರತಿಯನ್ನು ತೆಗೆದಿಡಿ. ಒಂದು ದಿನದ ಪಟ್ಟಿಗಳನ್ನು ಸಂಜೆ ಅಂಗಡಿಯ ಗುಮಾಸ್ತರ ಎದುರಿನಲ್ಲಿಯೇ, ಡೇಟಾಬೇಸ್‌ನ ಪ್ರತಿಯ ಮೇಲೆ, ಎರಡೂ ಆವೃತ್ತಿಗಳಲ್ಲಿ ತೆಗೆದು ಮೊತ್ತಗಳನ್ನು ತಾಳೆ ನೋಡಿ. ಎರಡನೆಯ ಹಂತದಲ್ಲಿ ಬರೆದಿಟ್ಟುಕೊಂಡ ಹಳೆಯ ಲೆಕ್ಕದ ತಪ್ಪುಗಳಿದ್ದರೆ ಆ ಚೀಟಿಯನ್ನು ಮಾಲೀಕರ ಮುಂದಿಡಬೇಕಾದದ್ದು ಆಗಲೇ. ಯಾವುದನ್ನು ಯಾವ ದಿನಾಂಕದಿಂದ ಸರಿಪಡಿಸಬೇಕು ಎಂಬುದನ್ನು ಅವರಿಂದ ಲಿಖಿತವಾಗಿ ಪಡೆದುಕೊಳ್ಳಿ.